ಟ್ರಾಮ್ ಹತ್ತಿ ನಾಗಸಾಕಿ ನೋಡೋಣ

ಕೇಳುಗರೇ, ನಮಸ್ಕಾರ.

ಜಪಾನಿಗೆ ಹೋಗಬೇಕು ಅಂದ ಕೂಡಲೇ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಖರ್ಚಿನದ್ದು, ಅಲ್ವಾ? ಆ ಲೆಕ್ಕ ಹಾಕುತ್ತಾ ಕೂತಿರುವವರಿಗೆ ನಾನು ಹೇಳುವ ಊರು ನಾಗಸಾಕಿ. ಜಪಾನಿನ ಪಶ್ಚಿಮ ತುದಿಯಲ್ಲಿ, ಮೂರು ಕಡೆ ಗುಡ್ಡ, ನಡುವೆ ಉದ್ದನೆಯ ಕೊಲ್ಲಿ ಇರುವ ಬಂದರು. ಬಹಳ ಜನ ಬೆಳಿಗ್ಗೆ ಬಂದು, ಅಣುಬಾಂಬ್ ಮ್ಯೂಸಿಯಂ ನೋಡಿ, ಸಂಜೆ ಹೊರಟುಬಿಡುತ್ತಾರೆ. ಹಾಗೆ ಮಾಡಬೇಡಿ. ಎರಡು ರಾತ್ರಿ ಉಳಿಯಿರಿ. ಈ ಊರಿನಲ್ಲಿ ಮನಸ್ಸಿಗೆ ತಟ್ಟುವುದೆಲ್ಲ ಹೆಚ್ಚುಕಡಿಮೆ ಪುಕ್ಕಟೆ. ಅದು ಕೇಳುವುದು ನಿಮ್ಮ ಸಮಯ ಮತ್ತು ಕಾಲಿನ ಬಲ.

ಮೊದಲು ದಾರಿಯ ಮಾತು. ಫುಕುವೋಕಾ ನಗರದಿಂದ ರೈಲಿನಲ್ಲಿ ಹೋದರೆ ಸುಮಾರು ಒಂದೂವರೆ ಗಂಟೆ. ನಡುವೆ ತಕೆಯೋ ಒನ್ಸೆನ್ ಎಂಬಲ್ಲಿ ಇಳಿದು, ಅದೇ ಪ್ಲಾಟ್‌ಫಾರ್ಮಿನ ಆ ಬದಿ ನಿಂತಿರುವ ಶಿಂಕಾನ್ಸೆನ್, ಅಂದರೆ ಬುಲೆಟ್ ರೈಲು, ಹತ್ತಬೇಕು. ಬಸ್ಸಿನಲ್ಲಾದರೆ ಎರಡು ಗಂಟೆಗೂ ಸ್ವಲ್ಪ ಜಾಸ್ತಿ. ಆದರೆ ದರ ರೈಲಿನ ಅರ್ಧದಷ್ಟೇ, ಫುಕುವೋಕಾ ವಿಮಾನ ನಿಲ್ದಾಣದಿಂದಲೇ ಸಿಗುತ್ತದೆ. ಜಪಾನಿನಾದ್ಯಂತ ಓಡಾಡಲು ಪ್ರವಾಸಿಗರಿಗೆ ಸಿಗುವ ಏಳು ದಿನದ ರೈಲು ಪಾಸಿನ ದರ 2023ರ ಅಕ್ಟೋಬರಿನಲ್ಲಿ 50,000 ಯೆನ್ ಆಯಿತು. ಈ ಒಂದು ಊರಿಗೋಸ್ಕರ ಸುಮ್ನೆ ಅದನ್ನು ಕೊಳ್ಳಬೇಡಿ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರ, ಆಗಸ್ಟ್ ನಡುಭಾಗ, ಈ ಎರಡು ರಜೆಗಳನ್ನು ಬಿಟ್ಟು ಹೋದರೆ ರೂಮಿನ ಬಾಡಿಗೆಯೂ ಕೈಗೆಟುಕುತ್ತದೆ.

ಊರೊಳಗೆ ಟ್ರಾಮ್. 1915ರಿಂದ ಓಡುತ್ತಿದೆ. ಎಲ್ಲಿ ಹತ್ತಿ ಎಲ್ಲಿ ಇಳಿದರೂ ಒಂದೇ ದರ, ಸುಮಾರು 150 ಯೆನ್, ಅಂದರೆ ನೂರು ರೂಪಾಯಿಯ ಒಳಗೆ. ಹಿಂದಿನ ಬಾಗಿಲಲ್ಲಿ ಹತ್ತಿ, ಮುಂದಿನ ಬಾಗಿಲಲ್ಲಿ ಇಳಿಯುವಾಗ ಡ್ರೈವರ್ ಪಕ್ಕದ ಡಬ್ಬಿಗೆ ದುಡ್ಡು ಹಾಕಬೇಕು. ನೋಟಿದ್ದರೆ ಇಳಿಯುವ ಮೊದಲೇ ಅಲ್ಲಿನ ಯಂತ್ರದಲ್ಲಿ ಚಿಲ್ಲರೆ ಮಾಡಿಸಿಕೊಳ್ಳಿ. ದಿನಕ್ಕೆ ಹಲವು ಸಲ ಹತ್ತಿಳಿಯುವವರಿಗೆ ದಿನದ ಪಾಸೇ ಲಾಭ.

ಉತ್ತರದ ಉರಾಕಾಮಿ ಕಡೆಗೆ ಹೋಗುವ ಟ್ರಾಮ್ ಹಿಡಿಯಿರಿ. 1945ರ ಆಗಸ್ಟ್ 9, ಬೆಳಿಗ್ಗೆ 11 ಗಂಟೆ 2 ನಿಮಿಷಕ್ಕೆ ಬಾಂಬ್ ಸಿಡಿದದ್ದು ಊರಿನ ಈ ಭಾಗದ ಮೇಲೆ, ಸುಮಾರು 500 ಮೀಟರ್ ಎತ್ತರದಲ್ಲಿ. ಆ ಜಾಗದಲ್ಲಿ ಈಗ ಒಂದು ಕಪ್ಪು ಕಲ್ಲಿನ ಕಂಬ ಇದೆ. ಶಾಂತಿ ಉದ್ಯಾನಕ್ಕೆ ಟಿಕೆಟ್ ಇಲ್ಲ. ಮ್ಯೂಸಿಯಂಗೆ 200 ಯೆನ್ ಅಷ್ಟೇ.

ಅಲ್ಲಿಂದ ನಡೆದುಕೊಂಡೇ ಸನ್ನೋ ಎಂಬ ಚಿಕ್ಕ ದೇಗುಲಕ್ಕೆ ಹೋಗಿ. ಬಾಂಬ್ ಸಿಡಿದ ಜಾಗದಿಂದ ಸುಮಾರು 800 ಮೀಟರ್. ದಾರಿಯ ಮೆಟ್ಟಿಲುಗಳ ಮೇಲೆ ಕಲ್ಲಿನ ತೋರಣದ್ವಾರ ನಿಂತಿದೆ, ಒಂದೇ ಕಾಲಿನಲ್ಲಿ. ಇನ್ನೊಂದು ಕಾಲು ಆವತ್ತೇ ಉರುಳಿತು. ಇನ್ನೂ ಮುಂದೆ ಹೋದರೆ ಎರಡು ದೊಡ್ಡ ಕರ್ಪೂರದ ಮರಗಳು. ಆ ದಿನ ಎಲೆ ಕೊಂಬೆ ಎಲ್ಲ ಹೋಗಿ, ಬರೀ ಸುಟ್ಟ ಬೊಡ್ಡೆ ಉಳಿದಿತ್ತು. ಆಮೇಲೆ ತಾವಾಗಿಯೇ ಚಿಗುರಿದವು. ಸ್ಫೋಟದ ಗಾಳಿಗೆ ಹಾರಿ ಬಂದ ಕಲ್ಲುಗಳು ಪೊಟರೆಯೊಳಗೆ ಸಿಕ್ಕಿವೆ. ಈಗ ಎರಡರ ನೆತ್ತಿಯೂ ಒಂದಾಗಿ ಅಂಗಳಕ್ಕೆಲ್ಲ ನೆರಳು. ಕೆಳಗೆ ಬಿದ್ದ ಒಂದು ಎಲೆಯನ್ನು ಬೆರಳಲ್ಲಿ ಹೊಸಕಿ ಮೂಸಿ ನೋಡಿದೆ. ಮಂಗಳಾರತಿ ತಟ್ಟೆಯ ಅದೇ ವಾಸನೆ! ಅಷ್ಟು ದೂರದ ಊರಿನಲ್ಲಿ, ಅಂಥ ಮರದ ಕೆಳಗೆ, ನಮ್ಮ ದೇವರ ಮನೆಯ ನೆನಪು. ನನಗೆ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ.

ಈ ಕರ್ಪೂರಕ್ಕೂ ಬಂದರಿಗೂ ಹಳೆಯ ನಂಟು. ಜಪಾನ್ ಹೊರಗಿನವರಿಗೆ ಬಾಗಿಲು ಹಾಕಿಕೊಂಡಿದ್ದ ಕಾಲದಲ್ಲಿ, 1641ರಿಂದ ಯುರೋಪಿನವರಲ್ಲಿ ಡಚ್ಚರಿಗೆ ಮಾತ್ರ ಇಲ್ಲಿನ ದೆಜಿಮಾ ಎಂಬ ಬೀಸಣಿಗೆ ಆಕಾರದ ಕಟ್ಟಿದ ದ್ವೀಪದಲ್ಲಿ ಇರಲು ಬಿಟ್ಟಿದ್ದರು. ಅವರ ಹಡಗುಗಳಲ್ಲಿ ತಾಮ್ರ, ಕರ್ಪೂರ ಹೊರಗೆ ಹೋಗುತ್ತಿತ್ತು. ಆ ತಾಮ್ರ ಭಾರತದ ಕರಾವಳಿಗೂ ಬರುತ್ತಿತ್ತು. ಈಗ ಸುತ್ತಲಿನ ಸಮುದ್ರವನ್ನೆಲ್ಲ ಮಣ್ಣು ತುಂಬಿ ಮುಚ್ಚಿರುವುದರಿಂದ ದ್ವೀಪ ಊರೊಳಗೇ ಸೇರಿಹೋಗಿದೆ. ಐನೂರು ಯೆನ್ ಚಿಲ್ಲರೆ ಟಿಕೆಟ್. ಕೊಡಬಹುದಾದ ದುಡ್ಡೇ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಎಚ್ಚರ. ಇಲ್ಲಿನ ಹೆಸರಾಂತ ಚಾಂಪೋನ್ ನೂಡಲ್ಸ್‌ನಲ್ಲಿ ಹಂದಿ ಮಾಂಸ, ಸೀಗಡಿ ಎಲ್ಲ ಇರುತ್ತದೆ. ಕಸ್ತೆಲ್ಲಾ ಕೇಕಿನಲ್ಲಿ ಮೊಟ್ಟೆ. ತರಕಾರಿ ಸಾರು ಅಂದುಕೊಂಡದ್ದರಲ್ಲೂ ಮೀನಿನ ರಸ ಇರಬಹುದು. ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟಿನ ಪೊಟ್ಟಣ ಒಯ್ಯಿರಿ. ಹಸಿ ಹಣ್ಣು, ಕರಿಬೇವು ಬೇಡ, ವಿಮಾನ ನಿಲ್ದಾಣದಲ್ಲೇ ತೆಗೆದಿಡುತ್ತಾರೆ. ಎಲ್ಲ ತಿನ್ನುವವರು ರಾತ್ರಿ ಸೂಪರ್ ಮಾರ್ಕೆಟ್‌ಗೆ ಹೋಗಿ. ಅಂಗಡಿ ಮುಚ್ಚುವ ಹೊತ್ತು ಹತ್ತಿರ ಬಂದಂತೆ ಊಟದ ಡಬ್ಬಿಗಳ ಮೇಲೆ ರಿಯಾಯಿತಿ ಚೀಟಿ ಅಂಟಿಸುತ್ತಾರೆ.

ಎರಡನೆಯ ದಿನ ಸಂಜೆ ಹಸಿರು ಗುರುತಿನ ಐದನೇ ನಂಬರ್ ಟ್ರಾಮ್ ಹತ್ತಿ, ಕೊನೆಯ ನಿಲ್ದಾಣ ಇಶಿಬಾಶಿಯಲ್ಲಿ ಇಳಿಯಿರಿ. ಹತ್ತಿರದಲ್ಲೇ ಗುಡ್ಡಕ್ಕೆ ಓರೆಯಾಗಿ ಏರುವ ಒಂದು ಲಿಫ್ಟ್ ಇದೆ. ಮೇಲಿನ ಮನೆಗಳ ಜನ, ವಯಸ್ಸಾದವರು, ಸಾಮಾನು ಹಿಡಿದು ಹತ್ತಲಿ ಎಂದು ಕಟ್ಟಿದ್ದು. ರಸ್ತೆ ಇದ್ದ ಹಾಗೆ, ಯಾರಿಗೂ ಟಿಕೆಟ್ ಇಲ್ಲ. ಮನೆಗೆ ಹೋಗುವವರನ್ನು ಮೊದಲು ಬಿಟ್ಟು ನೀವು ಹತ್ತಿ. ಮೇಲೆ ಕಟಕಟೆಗೆ ಒರಗಿ ನಿಂತರೆ ಇಡೀ ಬಂದರು ಕಾಣುತ್ತದೆ. ಆಚೆ ದಡದಲ್ಲಿ, ಹಡಗುಕಟ್ಟೆಯ 1909ರ ಕಾಲದ ದೈತ್ಯ ಕ್ರೇನ್. ಕತ್ತಲಾಗುವವರೆಗೆ ಅಲ್ಲೇ ಇರಿ. ಎದುರಿನ ಗುಡ್ಡದ ಮನೆಗಳ ದೀಪ ಒಂದೊಂದಾಗಿ ಹತ್ತಿಕೊಳ್ಳುತ್ತವೆ.

ನಮಸ್ಕಾರ.