ಗಲಾರಗಾಗೆ ಸೇರಬೇಕಾದ ಆ ಒಂದು ಸಾಲು

ಚೆಂಡು ಗ್ಲೌಸ್ ಒಳಗೆ ಬಂದು ಕೂತಾಗಿತ್ತು. ಕಾಲು ಬೇಸ್ ಮೇಲಿತ್ತು, ಅಂದರೆ ಓಡುವವನು ಮುಟ್ಟಬೇಕಾದ ಗುರುತಿನ ಮೇಲೆ. ಓಡಿ ಬರುತ್ತಿದ್ದವನು ಇನ್ನೂ ಒಂದು ಹೆಜ್ಜೆ ಹಿಂದಿದ್ದ. ಆದರೂ ಅಂಪೈರ್ ಎರಡೂ ಕೈ ಅಗಲಿಸಿ 'ಸೇಫ್', ಅಂದರೆ ಔಟ್ ಅಲ್ಲ, ಅಂದುಬಿಟ್ಟರು.

ಈ ಬೇಸ್‌ಬಾಲ್ ವಿಡಿಯೋವನ್ನು ಎಷ್ಟು ಸಲ ನೋಡಿದ್ದೇನೋ ನನಗೇ ಲೆಕ್ಕ ಸಿಗುವುದಿಲ್ಲ. ಏನಾಗುತ್ತದೆ ಅಂತ ಗೊತ್ತಿದ್ದರೂ ಪ್ರತಿ ಸಲ ಆ ಜಾಗಕ್ಕೆ ಬಂದಾಗ ಉಸಿರು ಬಿಗಿ ಹಿಡಿಯುತ್ತೇನೆ. ಈ ಸಲವಾದರೂ ಔಟ್ ಕೊಡಲಿ ಅನಿಸುತ್ತದೆ.

2010ರ ಜೂನ್ 2. ಅಮೆರಿಕದ ಡೆಟ್ರಾಯ್ಟ್ ಊರಿನ ಕೊಮೆರಿಕಾ ಪಾರ್ಕ್. ಡೆಟ್ರಾಯ್ಟ್ ಟೈಗರ್ಸ್ ಮತ್ತು ಕ್ಲೀವ್‌ಲ್ಯಾಂಡ್ ಇಂಡಿಯನ್ಸ್ ನಡುವಿನ ಆಟ. ಟೈಗರ್ಸ್ ಪಿಚ್ಚರ್, ಅಂದರೆ ಚೆಂಡು ಎಸೆಯುವವನ, ಹೆಸರು ಅರ್ಮಾಂಡೊ ಗಲಾರಗಾ. ವೆನೆಜುವೆಲಾದ ಹುಡುಗ, ವಯಸ್ಸು 28. ದೊಡ್ಡ ಸ್ಟಾರ್ ಏನಲ್ಲ. ಕೆಲವು ವಾರಗಳ ಹಿಂದಷ್ಟೇ ಕೆಳಗಿನ ದರ್ಜೆಯ ಟೊಲೆಡೊ ತಂಡದಲ್ಲಿ ಆಡುತ್ತಿದ್ದ. ಅಲ್ಲಿಂದ ಕರೆಸಿಕೊಂಡಿದ್ದರು.

ಮುಂದೆ ಹೋಗುವ ಮೊದಲು ಪರ್ಫೆಕ್ಟ್ ಗೇಮ್ ಅಂದರೇನು ಅಂತ ಹೇಳಿಬಿಡುತ್ತೇನೆ. ನಾವೆಲ್ಲ ಕ್ರಿಕೆಟ್ ನೋಡಿ ಬೆಳೆದವರು, ಅಲ್ವಾ? ಬೇಸ್‌ಬಾಲ್‌ನಲ್ಲಿ ಒಂದು ಆಟಕ್ಕೆ 9 ಇನ್ನಿಂಗ್ಸ್. ಒಂದೊಂದರಲ್ಲೂ 3 ಔಟ್. ಅಂದರೆ 27 ಔಟ್. ಪಿಚ್ಚರ್ ಒಬ್ಬನೇ ಆಟ ಪೂರ್ತಿ ಎಸೆದು, ಬಂದ 27 ಜನರನ್ನೂ ಒಬ್ಬರಾದ ಮೇಲೊಬ್ಬರಂತೆ ಔಟ್ ಮಾಡಬೇಕು. ಒಬ್ಬನೂ ಮೊದಲ ಬೇಸ್ ಮುಟ್ಟಬಾರದು. ಚೆಂಡು ಹೊಡೆದು ಮುಟ್ಟಬಾರದು. ಪಿಚ್ಚರ್ ನಾಲ್ಕು ಚೆಂಡು ಆಚೆ ಈಚೆ ಎಸೆದು ಬ್ಯಾಟರ್ ಸುಮ್ನೆ ನಡೆದುಕೊಂಡು ಹೋಗಿಯೂ ಮುಟ್ಟಬಾರದು. ಫೀಲ್ಡರ್ ಕೈಯಿಂದ ಚೆಂಡು ಜಾರಿದರೂ ಮುಗಿಯಿತು. ಮೊದಲ ಪರ್ಫೆಕ್ಟ್ ಗೇಮ್ ಆಗಿದ್ದು 1880ರಲ್ಲಿ. ಅಮೆರಿಕದ ಅತಿ ಮೇಲಿನ ದರ್ಜೆಯ ಮೇಜರ್ ಲೀಗ್‌ನಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ಆಟಗಳು ನಡೆದಿವೆ. 2023ರಲ್ಲಿ ಡೊಮಿಂಗೊ ಹರ್ಮಾನ್ ಸಾಧಿಸಿದ್ದು 24ನೆಯದು. ಟೈಗರ್ಸ್ ತಂಡದ ಒಬ್ಬನ ಹೆಸರೂ ಆ ಪಟ್ಟಿಯಲ್ಲಿಲ್ಲ.

ಆ ದಿನ ಗಲಾರಗಾ 8 ಇನ್ನಿಂಗ್ಸ್ ಮುಗಿಸಿದ. 24 ಜನ ಬಂದರು, 24 ಜನ ವಾಪಸ್ ಹೋದರು. ಒಂಬತ್ತನೇ ಇನ್ನಿಂಗ್ಸ್‌ನ ಮೊದಲ ಬ್ಯಾಟರ್ ಮಾರ್ಕ್ ಗ್ರುಡ್ಜಿಲಾನೆಕ್ ಚೆಂಡನ್ನು ಮೈದಾನದ ಆಳಕ್ಕೆ ಬಾರಿಸಿದ. ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಟೈಗರ್ಸ್‌ನ ಆಸ್ಟಿನ್ ಜಾಕ್ಸನ್ ಬೆನ್ನು ತಿರುಗಿಸಿ ಓಡಿ ಓಡಿ, ಹೆಗಲ ಮೇಲಿಂದ ಬರುತ್ತಿದ್ದ ಚೆಂಡನ್ನು ಹಿಡಿದ. ಎಂಥ ಕ್ಯಾಚ್ ಅಂತೀರಾ! ಮುಂದಿನವನೂ ಔಟ್. ಒಟ್ಟು 26.

ಇಪ್ಪತ್ತೇಳನೆಯವನು ಜೇಸನ್ ಡೊನಾಲ್ಡ್. ನೆಲಕ್ಕೆ ಬಡಿದು ಹೋದ ಚೆಂಡನ್ನು ಟೈಗರ್ಸ್‌ನ ಮಿಗೆಲ್ ಕ್ಯಾಬ್ರೆರಾ ಬಲಕ್ಕೆ ಸರಿದು ಎತ್ತಿಕೊಂಡ. ಗಲಾರಗಾ ತಾನೇ ಓಡಿ ಬಂದು ಮೊದಲ ಬೇಸ್ ಮೇಲೆ ಕಾಲಿಟ್ಟು ಚೆಂಡು ಹಿಡಿದ. ಆಮೇಲಿನದನ್ನು ಮೊದಲೇ ಹೇಳಿದೆನಲ್ಲ.

ಡೊನಾಲ್ಡ್ ಕೂಡ ನಂಬಲಾಗದೆ ತಲೆ ಮೇಲೆ ಕೈ ಹೊತ್ತುಕೊಂಡ. ಕ್ಯಾಬ್ರೆರಾ ಕೂಗಾಡಿದ. ಗಲಾರಗಾ ಮಾಡಿದ್ದು ಒಂದೇ. ಅಂಪೈರ್ ಕಡೆ ನೋಡಿ ನಕ್ಕ. ಕುಹಕದ ನಗುವಲ್ಲ ಅದು, ಕೋಪದ್ದೂ ಅಲ್ಲ. ಚೆಂಡು ತೆಗೆದುಕೊಂಡು ತನ್ನ ಜಾಗಕ್ಕೆ ವಾಪಸ್ ನಡೆದ. ಮುಂದಿನ ಬ್ಯಾಟರ್ ಟ್ರೆವರ್ ಕ್ರೋನನ್ನು ಔಟ್ ಮಾಡಿದ. 3-0, ಟೈಗರ್ಸ್ ಗೆದ್ದಿತು. ಇಡೀ ಆಟಕ್ಕೆ ಅವನು ಎಸೆದದ್ದು 88 ಚೆಂಡು. ಇತಿಹಾಸದಲ್ಲಿ 27 ಔಟ್ ಮಾಡಿದವರಿಗೆ ಪರ್ಫೆಕ್ಟ್ ಗೇಮ್ ಸಿಕ್ಕಿದೆ. ಇವನು 28 ಔಟ್ ಮಾಡಿದ, ಇವನಿಗೆ ಸಿಗಲಿಲ್ಲ.

ಅಂಪೈರ್ ಜಿಮ್ ಜಾಯ್ಸ್ ಬಗ್ಗೆ ಕೆಟ್ಟದಾಗಿ ಮಾತಾಡಲು ನನ್ನಿಂದ ಆಗುವುದಿಲ್ಲ. ಅವರು ಆ ಕಾಲದ ಒಳ್ಳೆಯ ಅಂಪೈರ್‌ಗಳಲ್ಲಿ ಒಬ್ಬರು. ಇದಾಗಿ ಕೆಲವೇ ದಿನಕ್ಕೆ ಇಎಸ್‌ಪಿಎನ್ ಪತ್ರಿಕೆ 100 ಆಟಗಾರರನ್ನು ಕೇಳಿತು, ಯಾರು ಅತ್ಯುತ್ತಮ ಅಂಪೈರ್ ಅಂತ. ಆಟಗಾರರು ಆರಿಸಿದ್ದು ಜಾಯ್ಸ್ ಅವರನ್ನೇ. ಅವತ್ತು ಆಟ ಮುಗಿದ ಮೇಲೆ ಕೋಣೆಗೆ ಹೋಗಿ ರೀಪ್ಲೇ ನೋಡಿದರು. ನೋಡಿ ಕುಸಿದುಹೋದರು. ಆ ಹುಡುಗನ ಪರ್ಫೆಕ್ಟ್ ಗೇಮ್ ಕಳೆದದ್ದು ನಾನೇ ಅಂತ ವರದಿಗಾರರ ಮುಂದೆ ನೇರವಾಗಿ ಒಪ್ಪಿಕೊಂಡರು. ಯಾವ ನೆಪವೂ ಇಲ್ಲ. ಗಲಾರಗಾ ಎದುರು ಅತ್ತು ಕ್ಷಮೆ ಕೇಳಿದರು. ಅವನು ತಬ್ಬಿಕೊಂಡ. ತಪ್ಪು ಮಾಡದ ಮನುಷ್ಯ ಯಾರೂ ಇಲ್ಲ ಅಂದ.

ಮರುದಿನ ಅದೇ ಮೈದಾನ, ಅವೇ ಎರಡು ತಂಡ. ಜಾಯ್ಸ್ ಹೋಮ್ ಪ್ಲೇಟ್ ಹಿಂದೆ, ಅಂದರೆ ಬ್ಯಾಟರ್ ಆಡುವ ಜಾಗದ ಹಿಂದೆ, ನಿಲ್ಲಬೇಕಿತ್ತು. ಬೇಡವಾದರೆ ರಜೆ ತೆಗೆದುಕೊಳ್ಳಿ ಅಂದಿದ್ದರು, ಅವರು ಒಪ್ಪಲಿಲ್ಲ. ಆಟಕ್ಕೆ ಮೊದಲು ತಂಡದ ಪಟ್ಟಿಯನ್ನು ಅಂಪೈರ್ ಕೈಗೆ ಕೊಡುವ ವಾಡಿಕೆ ಇದೆ. ಸಾಮಾನ್ಯವಾಗಿ ಮ್ಯಾನೇಜರ್ ಇಲ್ಲವೇ ಕೋಚ್ ಕೊಡುತ್ತಾರೆ. ಅವತ್ತು ಮ್ಯಾನೇಜರ್ ಜಿಮ್ ಲೇಲ್ಯಾಂಡ್ ಅದನ್ನು ಗಲಾರಗಾ ಕೈಯಲ್ಲಿ ಕಳಿಸಿದರು. ಜಾಯ್ಸ್ ಕಣ್ಣು ಒರೆಸಿಕೊಳ್ಳುತ್ತಲೇ ಪಟ್ಟಿ ತೆಗೆದುಕೊಂಡರು, ಅವನ ಭುಜ ತಟ್ಟಿದರು.

ಇಲ್ಲಿಗೆ ಎಲ್ಲರೂ ಕಥೆ ನಿಲ್ಲಿಸುತ್ತಾರೆ. ಎಷ್ಟು ಚೆನ್ನಾಗಿದೆ ನೋಡಿ, ಪರ್ಫೆಕ್ಟ್ ಗೇಮ್‌ಗಿಂತ ಇದೇ ದೊಡ್ಡದು, ಇದನ್ನು ಹೀಗೇ ಬಿಡಿ ಅನ್ನುತ್ತಾರೆ. ನನ್ನ ತಕರಾರು ಇರುವುದೇ ಇಲ್ಲಿ.

ಕ್ಷಮಿಸಿದ್ದು ಗಲಾರಗಾ. ಅದು ಅವನ ದೊಡ್ಡ ಮನಸ್ಸು. ಅವನಿಗೂ ಜಾಯ್ಸ್‌ಗೂ ನಡುವಿನ ಲೆಕ್ಕ ಅಲ್ಲಿಗೆ ಚುಕ್ತಾ ಆಯಿತು. ಲೀಗ್ ಅವನಿಗೆ ಕೊಡಬೇಕಾದ ಬಾಕಿ ಬೇರೆ. ಮನುಷ್ಯ ಒಳ್ಳೆಯವನು, ಜಗಳ ಆಡಲಿಲ್ಲ ಅಂತ ಅವನಿಗೆ ಸೇರಬೇಕಾದ್ದನ್ನು ಕೊಡದೇ ಇರುವುದು ಯಾವ ನ್ಯಾಯ? ಮಿಲ್ಟ್ ಪಾಪಸ್ ಅಂತ ಒಬ್ಬ ಪಿಚ್ಚರ್ ಇದ್ದ. 1972ರಲ್ಲಿ ಅವನೂ 26 ಜನರನ್ನು ಔಟ್ ಮಾಡಿ, ಕೊನೆಯವನಿಗೆ ಎಸೆದ ಚೆಂಡನ್ನು ಅಂಪೈರ್ ಸ್ಟ್ರೈಕ್ (ಸರಿಯಾದ ಎಸೆತ) ಅಂತ ಕೊಡಲಿಲ್ಲ ಅಂತ ಬದುಕಿದ್ದಷ್ಟು ಕಾಲ ಸಿಟ್ಟಿನಲ್ಲೇ ಇದ್ದ. ಗಲಾರಗಾ ಹಾಗೆ ಹಲ್ಲು ಕಡಿಯಲಿಲ್ಲ. ಅದಕ್ಕೆ ನಾವು ಅವನಿಗೆ ಕೊಟ್ಟದ್ದು ಚಪ್ಪಾಳೆ ಮಾತ್ರ. ಕಾರು ಕಂಪನಿಯವರು ಒಂದು ಕಾರ್ವೆಟ್ ಸ್ಪೋರ್ಟ್ಸ್ ಕಾರು ಕೊಟ್ಟರು. ಮಿಶಿಗನ್ ರಾಜ್ಯದ ಗವರ್ನರ್ ಇದು ಪರ್ಫೆಕ್ಟ್ ಗೇಮ್ ಅಂತ ಘೋಷಣೆಯನ್ನೇ ಹೊರಡಿಸಿದರು. ಕೊಡಬೇಕಾದವರು, ಅಂದರೆ ಲೀಗ್‌ನ ಆಗಿನ ಮುಖ್ಯಸ್ಥ, ಕಮಿಷನರ್ ಬಡ್ ಸೆಲಿಗ್, ತೀರ್ಪು ಬದಲಿಸಲಿಲ್ಲ.

ಒಮ್ಮೆ ಬರೆದದ್ದನ್ನು ತಿದ್ದಬಾರದು ಅನ್ನುವವರಿಗೆ ಹಾರ್ವಿ ಹ್ಯಾಡಿಕ್ಸ್ ಕಥೆ ಹೇಳಬೇಕು. ಇದು ನನಗೆ ತುಂಬಾ ಹತ್ತಿರದ ಕಥೆ.

1959ರ ಮೇ 26, ಮಿಲ್ವಾಕಿ. ಪಿಟ್ಸ್‌ಬರ್ಗ್ ಪೈರೇಟ್ಸ್ ಪಿಚ್ಚರ್ ಹ್ಯಾಡಿಕ್ಸ್‌ಗೆ ಅವತ್ತು ಫ್ಲೂ. ಮೈ ಹುಷಾರಿಲ್ಲ. ಎದುರಿಗೆ ಬ್ರೇವ್ಸ್, ಅದರಲ್ಲಿ ಹ್ಯಾಂಕ್ ಆರನ್, ಎಡ್ಡಿ ಮ್ಯಾಥ್ಯೂಸ್‌ರಂಥ ದೈತ್ಯರು. ಅಷ್ಟು ಸಾಲದು ಅಂತ ಬ್ರೇವ್ಸ್ ಕಡೆಯವರು ದೂರದಿಂದ ಕ್ಯಾಚರ್, ಅಂದರೆ ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವನು, ಪಿಚ್ಚರ್‌ಗೆ ಮಾಡುವ ಸನ್ನೆ ಕದ್ದು ನೋಡಿ ತಮ್ಮ ಬ್ಯಾಟರ್‌ಗಳಿಗೆ ಮುಂದಿನ ಚೆಂಡು ಯಾವುದು ಅಂತ ತಿಳಿಸುತ್ತಿದ್ದರಂತೆ. ಬ್ರೇವ್ಸ್‌ನ ಬಾಬ್ ಬುಲ್ ವರ್ಷಗಳಾದ ಮೇಲೆ ಬಾಯಿಬಿಟ್ಟು ಹೇಳಿದ್ದು ಇದು. ಆದರೂ ಹ್ಯಾಡಿಕ್ಸ್ 27 ಜನರನ್ನು ಔಟ್ ಮಾಡಿದ. ಪರ್ಫೆಕ್ಟ್. ಆದರೆ ಅವನ ತಂಡ ಒಂದು ರನ್ನೂ ಹೊಡೆದಿರಲಿಲ್ಲ. ಆಟ ಮುಂದುವರಿಯಿತು. ಹತ್ತನೇ ಇನ್ನಿಂಗ್ಸ್, ಹನ್ನೊಂದು, ಹನ್ನೆರಡು. 36 ಜನ ಬಂದು 36 ಜನ ಹೋದರು. ಪೈರೇಟ್ಸ್ ಬ್ಯಾಟರ್‌ಗಳು 12 ಹಿಟ್ ಹೊಡೆದರು, ಅಂದರೆ 12 ಸಲ ಚೆಂಡು ಬಾರಿಸಿ ಬೇಸ್ ಮುಟ್ಟಿದರು, ಒಂದೂ ರನ್ ಆಗಲಿಲ್ಲ. ಹದಿಮೂರನೇ ಇನ್ನಿಂಗ್ಸ್‌ನಲ್ಲಿ ಪೈರೇಟ್ಸ್ ಫೀಲ್ಡರ್ ಡಾನ್ ಹೋಕ್ ಮೊದಲ ಬೇಸ್‌ಗೆ ಚೆಂಡು ಎಸೆಯುವಾಗ ತಪ್ಪಿದ. ಒಬ್ಬ ಬೇಸ್ ಮುಟ್ಟಿದ. ಆಮೇಲೆ ಬ್ರೇವ್ಸ್‌ನ ಜೋ ಆಡ್‌ಕಾಕ್ ಚೆಂಡನ್ನು ಬೇಲಿ ದಾಟಿಸಿದ. 1-0, ಹ್ಯಾಡಿಕ್ಸ್ ಸೋತ.

ಹನ್ನೆರಡು ಇನ್ನಿಂಗ್ಸ್ ಪರ್ಫೆಕ್ಟ್ ಆಗಿ ಎಸೆದು ಸೋತವನನ್ನು ಬಹಳ ವರ್ಷ ಪಟ್ಟಿಯಲ್ಲಿ ಇಟ್ಟುಕೊಂಡಿದ್ದರು. 1991ರಲ್ಲಿ ಲೀಗ್ ಸಮಿತಿ ಕೂತು ನಿಯಮ ಹೊಸದಾಗಿ ಬರೆಯಿತು. ಆಟ ಮುಗಿಯುವವರೆಗೂ ಹಿಟ್ ಕೊಟ್ಟಿರಬಾರದು ಅಂತ. ಒಂದೇ ಏಟಿಗೆ 50 ನೋ-ಹಿಟ್ಟರ್ ಆಟಗಳು, ಅಂದರೆ ಎದುರಾಳಿಗೆ ಒಂದೂ ಹಿಟ್ ಕೊಡದ ಆಟಗಳು ಅಂತ ಲೆಕ್ಕದಲ್ಲಿದ್ದವು, ಪಟ್ಟಿಯಿಂದ ಹೋದವು. ಹ್ಯಾಡಿಕ್ಸ್ ಹೆಸರೂ ಹೋಯಿತು, 32 ವರ್ಷಗಳ ನಂತರ. ಆಗ ಅವನು ಇನ್ನೂ ಬದುಕಿದ್ದ. ಪರವಾಗಿಲ್ಲ, ನಾನೇನು ಮಾಡಿದೆ ಅಂತ ನನಗೆ ಗೊತ್ತು ಅಂದನಂತೆ.

ಅಂದರೆ ಪುಸ್ತಕ ತೆರೆಯುತ್ತದೆ. ಕಿತ್ತುಕೊಳ್ಳಲು ತೆರೆಯುತ್ತದೆ ಅಂತಾದರೆ ಕೊಡಲು ಯಾಕೆ ತೆರೆಯಬಾರದು?

ಕೊಡಲೂ ತೆರೆದಿದ್ದಾರೆ. ಕಪ್ಪು ಆಟಗಾರರನ್ನು ಮೇಜರ್ ಲೀಗ್ ಒಳಗೆ ಬಿಡದಿದ್ದ ಕಾಲದಲ್ಲಿ ಅವರು ನೀಗ್ರೋ ಲೀಗ್‌ಗಳಲ್ಲಿ ಆಡುತ್ತಿದ್ದರು. 2020ರಲ್ಲಿ ಅವುಗಳಿಗೂ ಮೇಜರ್ ಲೀಗ್ ದರ್ಜೆ ಸಿಕ್ಕಿತು. 2024ರಲ್ಲಿ ಆ ಆಟಗಾರರ ಅಂಕಿಗಳು ಅಧಿಕೃತ ಪುಸ್ತಕಕ್ಕೆ ಸೇರಿದವು. ಅವರಲ್ಲೊಬ್ಬ ಜಾಶ್ ಗಿಬ್ಸನ್. ಬ್ಯಾಟಿಂಗ್ ಸರಾಸರಿ .372. ಅಲ್ಲಿಯವರೆಗೆ ಮೊದಲಿದ್ದ ಟೈ ಕಾಬ್‌ನನ್ನು ಹಿಂದೆ ಹಾಕಿ ಸಾರ್ವಕಾಲಿಕ ಮೊದಲ ಸ್ಥಾನ. ಗಿಬ್ಸನ್ ತೀರಿಕೊಂಡದ್ದು 1947ರ ಜನವರಿಯಲ್ಲಿ, ಕಪ್ಪು ಆಟಗಾರ ಜಾಕಿ ರಾಬಿನ್‌ಸನ್ ಮೇಜರ್ ಲೀಗ್‌ನ ಆ ಬಾಗಿಲು ದಾಟುವುದಕ್ಕೆ ಮೂರು ತಿಂಗಳು ಮೊದಲು. 77 ವರ್ಷ ಬೇಕಾಯಿತು. ಇದು ಬೇಸ್‌ಬಾಲ್ ಮಾಡಿದ ತೀರಾ ಒಳ್ಳೆಯ ಕೆಲಸ, ನಾನು ಮನಸಾರೆ ಮೆಚ್ಚುತ್ತೇನೆ. ಆ ಅನ್ಯಾಯದ ಪಕ್ಕದಲ್ಲಿ ಗಲಾರಗಾ ವಿಷಯ ತುಂಬಾ ಸಣ್ಣದು. ಸಣ್ಣದನ್ನು ತಿದ್ದುವುದು ಇನ್ನೂ ಸುಲಭ ಅಲ್ವಾ?

ಇನ್ನೊಂದು ವಾದ ಇದೆ, ಅದರಲ್ಲಿ ತೂಕವೂ ಇದೆ. ಒಂದು ತಪ್ಪು ತಿದ್ದಿದರೆ ಎಲ್ಲರೂ ಬಂದು ಸಾಲು ನಿಲ್ಲುತ್ತಾರೆ ಅನ್ನುವುದು. 1985ರ ವರ್ಲ್ಡ್ ಸೀರೀಸ್, ಅಂದರೆ ಲೀಗ್‌ನ ಫೈನಲ್ ಸರಣಿಯ, ಆರನೇ ಆಟದಲ್ಲಿ ಅಂಪೈರ್ ಡಾನ್ ಡೆಂಕಿಂಗರ್ ಇದೇ ಮೊದಲ ಬೇಸ್‌ನಲ್ಲಿ ಇಂಥದ್ದೇ ತಪ್ಪು ಮಾಡಿದರು. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಅಭಿಮಾನಿಗಳು ಇವತ್ತಿಗೂ ಮರೆತಿಲ್ಲ. ಅದನ್ನು ತಿದ್ದಲು ಆಗುವುದಿಲ್ಲ, ನಿಜ. ಅದು ಒಂಬತ್ತನೇ ಇನ್ನಿಂಗ್ಸ್‌ನ ಮೊದಲ ಬ್ಯಾಟರ್. ಆಮೇಲೆ ಏನಾಗುತ್ತಿತ್ತು ಅಂತ ಯಾರಿಗೂ ಹೇಳಲು ಆಗುವುದಿಲ್ಲ. ಗಲಾರಗಾ ಆಟದಲ್ಲಿ ಆ ಔಟ್ ಕೊಟ್ಟಿದ್ದರೆ ಆಮೇಲೆ ಏನೂ ಇರಲಿಲ್ಲ. ಆಟ ಅಲ್ಲಿಗೇ ಮುಗಿಯುತ್ತಿತ್ತು. ಗೆದ್ದವರು ಅವರೇ, ಸ್ಕೋರ್ ಅದೇ 3-0. ಡೊನಾಲ್ಡ್ ಲೆಕ್ಕದಿಂದ ಒಂದು ಹಿಟ್ ಹೋಗುತ್ತದೆ. ಕ್ರೋ ಆಡಿದ ಒಂದು ಸರದಿ ಅಳಿಸಿಹೋಗುತ್ತದೆ. ಅಷ್ಟೇ. ಹೀಗೆ ಬೇರೆ ಏನನ್ನೂ ಅಲ್ಲಾಡಿಸದೆ ತಿದ್ದಬಹುದಾದ ತಪ್ಪು ಇನ್ನೊಂದು ನನಗೆ ಸಿಕ್ಕಿಲ್ಲ.

2014ರಿಂದ ಬೇಸ್‌ಗಳಲ್ಲಿನ ಔಟ್–ಸೇಫ್ ತೀರ್ಪಿಗೂ ರೀಪ್ಲೇ ಬಂತು. ನಮ್ಮ ಕ್ರಿಕೆಟ್‌ನ ಡಿಆರ್‌ಎಸ್ ಥರ. ಗಲಾರಗಾ ನಾಲ್ಕು ವರ್ಷ ತಡವಾಗಿ ಆಡಿದ್ದರೆ ಒಂದೆರಡು ನಿಮಿಷದಲ್ಲಿ ತೀರ್ಪು ಬದಲಾಗಿ, ತಂಡದವರೆಲ್ಲ ಅವನ ಮೇಲೆ ಬಿದ್ದು ಕುಣಿಯುತ್ತಿದ್ದರು. ಆದರೆ ಅವನು 2012ರಲ್ಲೇ ಕೊನೆಯ ಮೇಜರ್ ಲೀಗ್ ಆಟ ಆಡಿ ಹೊರಬಿದ್ದಿದ್ದ.

ಜಾಯ್ಸ್ ಅವರ ಸಲುವಾಗಿಯೂ ಇದನ್ನು ಕೇಳುತ್ತಿದ್ದೇನೆ. 2012ರ ಆಗಸ್ಟ್‌ನಲ್ಲಿ ಫೀನಿಕ್ಸ್ ಮೈದಾನದಲ್ಲಿ ಕೆಲಸದ ಮಹಿಳೆಯೊಬ್ಬರು ಕುಸಿದು ಬಿದ್ದರು. ಆಟಕ್ಕೆ ಬಂದಿದ್ದ ಜಾಯ್ಸ್ ಓಡಿ ಹೋಗಿ ಎದೆ ಒತ್ತಿ ಸಿಪಿಆರ್ ಕೊಟ್ಟರು. ಆಕೆ ಬದುಕಿದರು. ಅಷ್ಟಾದ ಮೇಲೆ ಆ ರಾತ್ರಿ ಹೋಮ್ ಪ್ಲೇಟ್ ಹಿಂದೆ ನಿಂತು ಕೆಲಸ ಮುಗಿಸಿದರು. ಇಂಥ ಮನುಷ್ಯನ ಹೆಸರು ಹುಡುಕಿದರೆ ಮೊದಲು ಬರುವುದು ಆ ಒಂದು ತಪ್ಪು ತೀರ್ಪು. ನನಗೆ ನಿಜವಾಗಿ ಬೇಜಾರಾಗುತ್ತದೆ.

2020ರಲ್ಲಿ, ಆ ಆಟಕ್ಕೆ 10 ವರ್ಷ ತುಂಬಿದಾಗ, ಗಲಾರಗಾ ಬಾಯಿಬಿಟ್ಟು ಕೇಳಿದ. ಅದನ್ನು ನನಗೆ ಕೊಡಬಹುದಲ್ಲವೇ ಅಂತ. ಅವನು ಕೇಳಿದ್ದು ಇಷ್ಟೇ.

ಪರ್ಫೆಕ್ಟ್ ಗೇಮ್‌ಗಳ ಪಟ್ಟಿಯನ್ನು ನೀವೂ ಒಮ್ಮೆ ತೆಗೆದು ನೋಡಿ. 2010ರ ಮೇ 29, ಫಿಲಡೆಲ್ಫಿಯಾದ ರಾಯ್ ಹ್ಯಾಲಡೇ. ಅದರ ಕೆಳಗೆ 2012ರ ಏಪ್ರಿಲ್ 21, ಶಿಕಾಗೋದ ಫಿಲಿಪ್ ಹಂಬರ್. ಆ ಎರಡು ಸಾಲಿನ ನಡುವೆ ಬರೆಯಬೇಕು: 2010ರ ಜೂನ್ 2, ಡೆಟ್ರಾಯ್ಟ್, ಅರ್ಮಾಂಡೊ ಗಲಾರಗಾ.