ಅಪಸ್ಮಾರದೊಂದಿಗೆ ದುಡಿಮೆ: ಬಚ್ಚಿಟ್ಟದ್ದು, ಬಿಚ್ಚಿಟ್ಟದ್ದು

ಎಲ್ಲರಿಗೂ ನಮಸ್ಕಾರ.

ನಾನು ವೈದ್ಯಳಲ್ಲ. ಇಪ್ಪತ್ತಾರು ವರ್ಷ ಕರಡು ತಿದ್ದಿದವಳು. ಅಚ್ಚಿಗೆ ಹೋಗುವ ಮುನ್ನ ಪುಟದಲ್ಲಿ ಉಳಿದ ತಪ್ಪುಗಳನ್ನು ಹುಡುಕುವುದು ನನ್ನ ಕಸುಬು. ಒಂದು ಒತ್ತಕ್ಷರ ಬಿಟ್ಟುಹೋಗಿದ್ದರೂ ಕಣ್ಣಿಗೆ ತಟ್ಟನೆ ಬೀಳುತ್ತದೆ. ಅಂಥ ನನ್ನ ಮೇಜಿನಿಂದ ಒಂದು ರಾತ್ರಿ ಇಡೀ ಪ್ಯಾರಾ ತಿದ್ದದೆ ಹೊರಟುಹೋಯಿತು. ಮರುದಿನ ಪತ್ರಿಕೆಯಲ್ಲಿ ಒಂದೇ ವಾಕ್ಯ ಎರಡು ಸಲ ಅಚ್ಚಾಗಿತ್ತು. "ನಿದ್ದೆ ಮಾಡುತ್ತಿದ್ದಿರೇನಮ್ಮ?" ಎಂದು ಮೇಲಿನವರು ಕೇಳಿದರು. ಹೌದು ಎಂದೆ. ಅದು ನಿದ್ದೆಯಲ್ಲ ಎಂದು ನನಗೆ ಗೊತ್ತಿತ್ತು. ಫಿಟ್ಸ್ ಇದ್ದವಳು ಎನಿಸಿಕೊಳ್ಳುವುದಕ್ಕಿಂತ ಸೋಮಾರಿ ಎನಿಸಿಕೊಳ್ಳುವುದೇ ವಾಸಿ ಎಂದು ಆಗ ನಂಬಿದ್ದೆ.

ಆ ನಂಬಿಕೆಗೆ ನಾನು ತೆತ್ತ ಬೆಲೆಯನ್ನು ಹೇಳಲು ಇಲ್ಲಿಗೆ ಬಂದಿದ್ದೇನೆ. ಕಾಯಿಲೆ ನನ್ನಿಂದ ಕಿತ್ತುಕೊಂಡದ್ದು ತಿಂಗಳಿಗೆ ನಾಲ್ಕೈದು ನಿಮಿಷ. ಅದನ್ನು ಬಚ್ಚಿಡುವ ಕೆಲಸ ಹಗಲು ರಾತ್ರಿಯನ್ನೆಲ್ಲ ತಿಂದಿತು.

ಮೂರ್ಛೆರೋಗ, ಫಿಟ್ಸ್, ಅಪಸ್ಮಾರ ಎಂದು ನಮ್ಮಲ್ಲಿ ಇದಕ್ಕೆ ಹಲವು ಹೆಸರು. ಮಿದುಳಿನ ನರಕೋಶಗಳ ನಡುವೆ ಸದಾ ವಿದ್ಯುತ್ ಸಂಕೇತಗಳು ಓಡಾಡುತ್ತಿರುತ್ತವೆ. ಒಂದಷ್ಟು ಕೋಶಗಳು ಒಟ್ಟಿಗೇ ಹದ ತಪ್ಪಿದಾಗ ಸೆಳವು ಬರುತ್ತದೆ. ನೆಲಕ್ಕೆ ಬಿದ್ದು ಕೈಕಾಲು ಅದುರುವುದು ಅದರ ಒಂದು ರೂಪ. ನನ್ನದು ಬೇರೆ. ಮೊದಲು ಹೊಟ್ಟೆಯೊಳಗಿನಿಂದ ಏನೋ ಮೇಲಕ್ಕೆದ್ದಂತಾಗುತ್ತದೆ. ಈ ಗಳಿಗೆ ಹಿಂದೊಮ್ಮೆ ಹೀಗೆಯೇ ನಡೆದಿತ್ತು ಎನಿಸುತ್ತದೆ. ಆಮೇಲೆ ಒಂದೂವರೆ ನಿಮಿಷ ನಾನು ಅಲ್ಲಿರುವುದಿಲ್ಲ. ಕಣ್ಣು ತೆರೆದೇ ಇರುತ್ತದಂತೆ, ತುಟಿ ಚಪ್ಪರಿಸುತ್ತೇನಂತೆ, ಬೆರಳುಗಳು ಸೆರಗಿನ ಅಂಚನ್ನು ಹೊಸೆಯುತ್ತವಂತೆ. ನನ್ನ ಬದುಕಿನ ಆ ತುಣುಕುಗಳನ್ನೆಲ್ಲ ನಾನು "ಅಂತೆ" ಸೇರಿಸಿಯೇ ಹೇಳಬೇಕು.

ನಿಮ್ಹಾನ್ಸ್‌ನ ತಜ್ಞರು ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಸಮೀಕ್ಷೆ ನಡೆಸಿ 2004ರಲ್ಲಿ ವರದಿ ಪ್ರಕಟಿಸಿದರು. ಸಾವಿರಕ್ಕೆ 8.8 ಮಂದಿಗೆ ಅಪಸ್ಮಾರವಿತ್ತು. ಪಟ್ಟಣದಲ್ಲಿ 5.7, ಹಳ್ಳಿಗಳಲ್ಲಿ 11.9. ಅಂದರೆ ನೂರಿಪ್ಪತ್ತು ಜನ ಸೇರುವ ಕಡೆ ಸರಾಸರಿ ಒಬ್ಬರು. ನೀವು ದುಡಿಯುವ ಜಾಗದಲ್ಲಿ ಆ ಒಬ್ಬರು ಯಾರೆಂದು ನಿಮಗೆ ಗೊತ್ತೇ? ಗೊತ್ತಿಲ್ಲವಾದರೆ ಅವರೂ ನನ್ನ ಹಾಗೆ ಬಚ್ಚಿಟ್ಟುಕೊಂಡು ಓಡಾಡುತ್ತಿರಬಹುದು.

ಬಚ್ಚಿಡಲು ಕಾರಣವಿತ್ತು. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಗೆ ಅಡ್ಡಿಯಾಗುವ ಸಂಗತಿಗಳ ಸಾಲಿನಲ್ಲಿ ಅಪಸ್ಮಾರವೂ ಸೇರಿಕೊಂಡಿತ್ತು. ಅದನ್ನು ತೆಗೆದುಹಾಕಿದ್ದು 1999ರಲ್ಲಿ. ನಾನು ಮದುವೆಯಾದಾಗ ಆ ಮಾತು ಕಾನೂನಿನಲ್ಲಿ ಇನ್ನೂ ಉಳಿದಿತ್ತು. ಅಮ್ಮ ನನ್ನ ಮಾತ್ರೆಗಳನ್ನು ಅರಿಸಿನದ ಡಬ್ಬಿಯ ಕೆಳಗೆ ಬಚ್ಚಿಟ್ಟು ಕಳಿಸಿದ್ದಳು. ಅತ್ತೆಯವರು ಮೂರನೆಯ ವಾರದಲ್ಲೇ ಅದನ್ನು ಕಂಡುಹಿಡಿದರು. "ಮೊದಲೇ ಹೇಳಿದ್ದರೆ ಆ ಬಾವಿಕಟ್ಟೆಗೆ ನಿನ್ನನ್ನು ಒಬ್ಬಳನ್ನೇ ಕಳಿಸುತ್ತಿದ್ದೆನೇನೇ?" ಎಂದು ಅತ್ತುಬಿಟ್ಟರು. ಎಲ್ಲ ಮನೆಗಳಲ್ಲಿ ಇಂಥ ಅತ್ತೆ ಸಿಗುವುದಿಲ್ಲ, ನನಗೆ ಗೊತ್ತು. ಆದರೂ ಬಾವಿಕಟ್ಟೆಯ ಆ ಮಾತು ಮನಸ್ಸಿನಲ್ಲಿ ಉಳಿಯಿತು. ಗುಟ್ಟು ನನ್ನ ಮಾನ ಕಾಯುತ್ತದೆ ಎಂದುಕೊಂಡಿದ್ದೆ. ಅದು ನನ್ನ ಜೀವವನ್ನೇ ಒತ್ತೆ ಇಟ್ಟಿತ್ತು.

ಬಾವಿಕಟ್ಟೆಯ ಹಾಗೆ ಬಚ್ಚಲುಮನೆಯೂ ಅಪಾಯದ ಜಾಗವೇ, ಅದರ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹಂಡೆಯ ಸುಡುನೀರನ್ನು ಚೊಂಬಿನ ಮೇಲೆ ಚೊಂಬು ತಲೆಗೆ ಸುರಿದುಕೊಳ್ಳುವಾಗಲೇ ಸೆಳವು ಬರುವ ಒಂದು ಬಗೆಯ ಅಪಸ್ಮಾರವಿದೆ. 1945ರಲ್ಲಿ ನ್ಯೂಜಿಲೆಂಡ್‌ನಿಂದ ಇಂಥದೊಂದು ವರದಿ ಬಂದಿತ್ತು. 1968ರಲ್ಲಿ ಬೆಂಗಳೂರಿನ ನರರೋಗ ತಜ್ಞ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು ನಮ್ಮ ಕಡೆಯ ರೋಗಿಗಳ ಬಗ್ಗೆ ಬರೆದರು. ಆಮೇಲೆ ದಕ್ಷಿಣ ಕರ್ನಾಟಕದಲ್ಲಿ ಇಂಥವರು ಬಹಳ ಮಂದಿ ಇದ್ದಾರೆಂದು ತಿಳಿದುಬಂತು. ನೀರನ್ನು ಉಗುರುಬೆಚ್ಚಗೆ ಮಾಡಿಕೊಂಡರೆ, ತಲೆಗೆ ಒಂದೇ ಸಮನೆ ಸುರಿಯದಿದ್ದರೆ ಎಷ್ಟೋ ಜನರಿಗೆ ಸೆಳವು ನಿಲ್ಲುತ್ತದೆ. ಕೆಲವರಿಗೆ ಸ್ನಾನಕ್ಕೆ ಮುಂಚೆ ನುಂಗುವ ಮಾತ್ರೆ ಕೊಡುತ್ತಾರೆ. ನನ್ನದು ಆ ಬಗೆಯದಲ್ಲ. ಆದರೆ ಚಿಲಕ ಹಾಕಿದ ಬಚ್ಚಲುಮನೆ ನಮಗೆಲ್ಲರಿಗೂ ಒಂದೇ ಅಪಾಯ. ನಮ್ಮ ಮನೆಯಲ್ಲಿ ಆ ಚಿಲಕವನ್ನೇ ಕಿತ್ತುಹಾಕಿದ್ದೇವೆ. ಹೊರಗೆ ಬಾಗಿಲಿನ ಮೇಲೆ ಟವೆಲ್ ನೇತಾಡುತ್ತಿದ್ದರೆ ಒಳಗೆ ಯಾರೋ ಇದ್ದಾರೆ ಎಂದರ್ಥ. ಅಡುಗೆಯನ್ನೂ ಆದಷ್ಟು ಹಿಂದಿನ ಒಲೆಯಲ್ಲೇ ಮಾಡುತ್ತೇನೆ, ಪಾತ್ರೆಯ ಹಿಡಿಯನ್ನು ಗೋಡೆಯ ಕಡೆಗೆ ತಿರುಗಿಸಿಡುತ್ತೇನೆ. ಸ್ಕೂಟರ್ ಬಿಟ್ಟು ಬಸ್ ಹಿಡಿದೆ. ಅದು ನಿಜವಾಗಿಯೂ ನೋವು ಕೊಟ್ಟಿತು.

ಮಾತ್ರೆ ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ. ಏಕಾದಶಿಯಾದರೂ ಮಾತ್ರೆಗೆ ಉಪವಾಸವಿಲ್ಲ. ಪೊಟ್ಟಣ ಮುಗಿಯುವ ವಾರದ ಮುಂಚೆಯೇ ಹೊಸದು ತರುತ್ತೇನೆ. ಮಾತ್ರೆ ಸುಲಭವಲ್ಲ ಎಂಬುದನ್ನೂ ಹೇಳಬೇಕು. ಮೊದಲ ತಿಂಗಳುಗಳಲ್ಲಿ ತಲೆ ಮಂಜು ಮಂಜಾಗಿತ್ತು, ಪರಿಚಿತರ ಹೆಸರೇ ನಾಲಗೆಗೆ ಬರುತ್ತಿರಲಿಲ್ಲ. ಆಗ ಬಹಳ ಜನ ಬೇಸತ್ತು ತಾವೇ ನಿಲ್ಲಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹಠಾತ್ತನೆ ಬಿಟ್ಟರೆ ನಿಲ್ಲದ ಸೆಳವು ಬಂದು ಪ್ರಾಣಕ್ಕೇ ಕುತ್ತಾಗಬಹುದು. ಬಸುರಾದಾಗಲೂ ವೈದ್ಯರನ್ನು ಕೇಳದೆ ಬಿಡಬಾರದು. ಮಗು ಬೇಕೆನಿಸಿದಾಗಲೇ ಅವರ ಬಳಿ ಹೋಗಬೇಕು, ಏಕೆಂದರೆ ಕೆಲವು ಮಾತ್ರೆಗಳು ಹೊಟ್ಟೆಯಲ್ಲಿರುವ ಮಗುವಿಗೆ ಆಗುವುದಿಲ್ಲ. ಸರಿಯಾದ ಚಿಕಿತ್ಸೆ ಸಿಕ್ಕರೆ ನೂರರಲ್ಲಿ 70 ಮಂದಿಯವರೆಗೆ ಸೆಳವಿಲ್ಲದೆ ಬದುಕಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದು ದುಬಾರಿ ಆಸ್ಪತ್ರೆಯ ಮಾತೇ ಆಗಬೇಕಿಲ್ಲ. ಚಾಮರಾಜನಗರ ಜಿಲ್ಲೆಯ ಯಳಂದೂರಿನ ಹಳ್ಳಿಗಳಲ್ಲಿ ಅದೇ ಡಾ. ಮಣಿ ಮತ್ತು ಸಂಗಡಿಗರು ಹಳೆಯ, ಅಗ್ಗದ ಎರಡು ಮಾತ್ರೆಗಳನ್ನು ಬಳಸಿ ಸೆಳವನ್ನು ಹತೋಟಿಗೆ ತರಬಹುದೆಂದು ತೋರಿಸಿದರು. 2001ರಲ್ಲಿ ಅದು ಲ್ಯಾನ್ಸೆಟ್ ಎಂಬ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ನಮ್ಮ ಒಂದು ಸಣ್ಣ ತಾಲ್ಲೂಕಿನ ಕೆಲಸ ಅಲ್ಲಿಯವರೆಗೆ ಹೋಯಿತು ಎಂಬುದು ನನಗೆ ಇಂದಿಗೂ ಹೆಮ್ಮೆ.

ಇನ್ನು ಕಚೇರಿಯ ಮಾತು. ನನ್ನ ದೊಡ್ಡ ಶತ್ರು ನಿದ್ದೆಗೇಡು. ಶಿವರಾತ್ರಿಯ ಜಾಗರಣೆ, ರಾತ್ರಿ ಬಸ್ಸಿನ ಪ್ರಯಾಣ, ಬೆಳಗಿನವರೆಗಿನ ಯಕ್ಷಗಾನ, ಇವುಗಳ ಮರುದಿನ ಸೆಳವು ಬರುತ್ತಿತ್ತು. ಪತ್ರಿಕೆಯ ರಾತ್ರಿ ಪಾಳಿ ಮುಗಿಯುತ್ತಿದ್ದುದು ಒಂದೂವರೆಗೆ. ನನಗೆ ಬೇಕಿದ್ದುದು ಹಗಲು ಪಾಳಿ ಮಾತ್ರ. ಅದನ್ನು ಕೇಳಬೇಕಾದರೆ ಕಾರಣ ಹೇಳಬೇಕು. ಹೇಳಲಾಗದೆ ಆರು ವರ್ಷ ಸುಳ್ಳು ಜ್ವರ, ಸುಳ್ಳು ನೆಂಟರ ಮದುವೆ ಎಂದು ರಜೆ ಹಾಕಿದೆ. ಕೊನೆಗೆ ಹೇಳಿದಾಗ ಆ ಸಂಸ್ಥೆ ನನ್ನನ್ನು "ಮನೆಯಲ್ಲಿ ವಿಶ್ರಾಂತಿ ತೆಗೆದುಕೊಳ್ಳಿ" ಎಂದು ಕಳುಹಿಸಿಬಿಟ್ಟಿತು. ಹಾಗಾಗಿ ಎಲ್ಲರಿಗೂ ಎಲ್ಲವನ್ನೂ ಹೇಳಿಬಿಡಿ ಎಂದು ನಾನು ಸಲಹೆ ಕೊಡಲಾರೆ. ಮನೆಯ ಬಾಡಿಗೆ ಕಟ್ಟಬೇಕಾದವರಿಗೆ ಅಂಥ ಉಪದೇಶ ಅನ್ಯಾಯ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ ಪಟ್ಟಿಯಲ್ಲಿ ದೀರ್ಘಕಾಲದ ನರಸಂಬಂಧಿ ಕಾಯಿಲೆಗಳೂ ಇವೆ. ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದವರನ್ನು ತೆಗೆದುಹಾಕುವಂತಿಲ್ಲ, ಹುದ್ದೆಯಲ್ಲಿ ಕೆಳಗಿಳಿಸುವಂತಿಲ್ಲ ಎಂದು ಅದು ಸರ್ಕಾರಿ ಸಂಸ್ಥೆಗಳಿಗೆ ಹೇಳುತ್ತದೆ. ಸಣ್ಣ ಅಚ್ಚುಕೂಟಗಳಲ್ಲಿ, ಅಂಗಡಿಗಳಲ್ಲಿ, ಗಾರ್ಮೆಂಟ್ ಕಾರ್ಖಾನೆಗಳಲ್ಲಿ ದುಡಿಯುವವರ ಪಾಲಿಗೆ ಪಕ್ಕದಲ್ಲಿ ಕುಳಿತವರೇ ಗತಿ.

ಪಕ್ಕದಲ್ಲಿ ಕುಳಿತವರಿಗೆ ಬೇಕಾದ ತಿಳಿವಳಿಕೆ ಬಹಳ ಕಡಿಮೆ. ಬಿದ್ದವರ ಕೈಗೆ ಬೀಗದ ಕೈ ತುರುಕಬೇಡಿ, ಚಪ್ಪಲಿಯನ್ನಾಗಲಿ ಈರುಳ್ಳಿಯನ್ನಾಗಲಿ ಮೂಸಿಸಬೇಡಿ. ಸೆಳವು ತಾನಾಗಿ ನಿಲ್ಲುವ ಹೊತ್ತಿಗೆ ಅವೆಲ್ಲ ಕೈಯಲ್ಲಿದ್ದವು, ಅಷ್ಟೇ. ಬಾಯಿಗೆ ಚಮಚವನ್ನಾಗಲಿ ನೀರನ್ನಾಗಲಿ ಹಾಕಬೇಡಿ. ಕೈಕಾಲುಗಳನ್ನು ಅದುಮಿ ಹಿಡಿಯಬೇಡಿ. ತಲೆಯ ಕೆಳಗೆ ಏನಾದರೂ ಮೆತ್ತನೆಯದನ್ನು ಇಟ್ಟು, ಅದುರುವುದು ನಿಂತಕೂಡಲೇ ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ. ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ. ನನ್ನಂತೆ ಬೀಳದೆ ಮೈಮರೆಯುವವರಿಗೆ ಈ ಹೊರಳಿಸುವುದೆಲ್ಲ ಬೇಡ, ಗಡಿಯಾರ ನೋಡುತ್ತ ಪಕ್ಕದಲ್ಲಿ ಸುಮ್ಮನೆ ಇದ್ದರೆ ಸಾಕು.

ಎರಡನೆಯ ಕೆಲಸ ಸಿಕ್ಕಿದ್ದು ಪುಸ್ತಕ ಅಚ್ಚು ಮಾಡುವ ಕಡೆ, ಹಗಲು ಹೊತ್ತಿನಲ್ಲಿ. ಅಲ್ಲಿ ಒಬ್ಬ ಹಿರಿಯರು ಮೂಲಪ್ರತಿಯನ್ನು ಗಟ್ಟಿಯಾಗಿ ಓದುತ್ತಿದ್ದರು, ನಾನು ಕರಡನ್ನು ನೋಡಿ ತಿದ್ದುತ್ತಿದ್ದೆ. ಸೇರಿದ ಮೊದಲ ದಿನವೇ ಅವರೊಬ್ಬರಿಗೆ ವಿಷಯ ಹೇಳಿದೆ. ತಲೆಯಾಡಿಸಿ, "ಎಷ್ಟು ಹೊತ್ತು ಇರುತ್ತದಮ್ಮ?" ಎಂದಷ್ಟೇ ಕೇಳಿದರು. ಒಂದು ತಿಂಗಳ ಮೇಲೆ ಅವರ ಎದುರಿಗೇ ಸೆಳವು ಬಂತು. ನನಗೆ ಎಚ್ಚರವಾದಾಗ ಕೋಣೆಯಲ್ಲಿ ಗದ್ದಲವಿರಲಿಲ್ಲ, ಯಾರೂ ಸುತ್ತ ನೆರೆದಿರಲಿಲ್ಲ. ಅವರು ನನ್ನ ಕೈಯಿಂದ ಪೆನ್ನನ್ನು ತೆಗೆದು ಪಕ್ಕಕ್ಕೆ ಇಟ್ಟಿದ್ದರು. ಅವರ ತೋರುಬೆರಳು ನಾನು ನಿಂತ ಸಾಲಿನ ಮೇಲೆ ಇತ್ತು. ನಾನು ಒಂದು ಲೋಟ ನೀರು ಕುಡಿಯುವವರೆಗೆ ಕಾದರು. ಆಮೇಲೆ ಆ ಸಾಲನ್ನು ಮೊದಲಿನಿಂದ ಓದತೊಡಗಿದರು.