ರಕ್ತ ಪರೀಕ್ಷೆಗೆ ಗಂಡನೂ ಬರ್ಲಿ

ಎಲ್ರಿಗೂ ನಮಸ್ಕಾರ. ಊಟಕ್ಕೆ ಮುಂಚಿನ ಟೈಮ್ ನಂಗೆ ಕೊಟ್ಟಿದಾರೆ, ಹಾಗಾಗಿ ಜಾಸ್ತಿ ಎಳೆಯಲ್ಲ, ಒಂದೇ ಕಾಯಿಲೆ ಹಿಡ್ಕೊಂಡು ಮಾತಾಡ್ತೀನಿ, ಥಲಸ್ಸೀಮಿಯಾ, ಅಂದ್ರೆ ಅಪ್ಪ ಅಮ್ಮನ ಜೀನಿಂದ ಬರೋ ರಕ್ತದ ಕಾಯಿಲೆ.

ಈ ಕಾಯಿಲೆ ಇರೋ ಮಗುನ ಹುಟ್ಟಿದಾಗ ನೋಡಿದ್ರೆ ಏನೂ ಗೊತ್ತಾಗಲ್ಲ. ಹೊಟ್ಟೇಲಿರೋವಾಗ ಮಕ್ಕಳಿಗೆ ಬೇರೆ ಥರದ ಹಿಮೋಗ್ಲೋಬಿನ್ ಇರುತ್ತೆ, ಹುಟ್ಟಿದ್ಮೇಲೆ ಅದು ಕಮ್ಮಿಯಾಗ್ತಾ ದೊಡ್ಡವರ ಹಿಮೋಗ್ಲೋಬಿನ್ ಬರ್ಬೇಕು, ಇಲ್ಲಿ ಹೋಗೋದು ಹೋಗುತ್ತೆ, ಬರ್ಬೇಕಾದ್ದು ಬರಲ್ಲ. 6 ತಿಂಗಳು ಕಳೆದ್ಮೇಲೆ ಮಗು ಬಿಳಿಚ್ಕೊಳ್ಳುತ್ತೆ, ಹಾಲು ಬೇಡ ಅನ್ನುತ್ತೆ, ಹೊಟ್ಟೆ ದಪ್ಪ ಆಗುತ್ತೆ, ಮನೇಲಿ ದೃಷ್ಟಿ ಆಗಿದೆ ಅಂತ ಮೆಣಸಿನಕಾಯಿ ನಿವಾಳಿಸ್ತಿರ್ತಾರೆ. ಆಮೇಲೆ 2ರಿಂದ 4 ವಾರಕ್ಕೊಂದ್ಸಲ ರಕ್ತ ಹಾಕ್ಸೋದು ಶುರು. ಹಾಕಿದ ರಕ್ತದ ಕಬ್ಬಿಣ ಹಾರ್ಟು, ಲಿವರಲ್ಲಿ ಸೇರ್ಕೊಳ್ಳುತ್ತೆ, ಅದನ್ನ ಹೊರಗೆ ಹಾಕೋಕೆ ಬೇರೆ ಮಾತ್ರೆ. ಅಸ್ಥಿಮಜ್ಜೆ ಕಸಿಯಿಂದ ವಾಸಿ ಆಗ್ಬಹುದು, ಆದ್ರೆ ಹೊಂದೋ ದಾನಿ ಸಿಗ್ಬೇಕಲ್ಲ.

ಅಪ್ಪ ಅಮ್ಮ ಇಬ್ರೂ ಆರಾಮಾಗೇ ಇರ್ತಾರೆ. ಕ್ಯಾರಿಯರ್ ಅಂತೀವಿ ಅವರನ್ನ, ಅಂದ್ರೆ ದೋಷ ಇರೋ ಜೀನ್ ಒಂದನ್ನ ಹೊತ್ಕೊಂಡಿರೋರು, ನಮ್ ದೇಶದಲ್ಲಿ ಹೆಚ್ಚುಕಮ್ಮಿ ನೂರಕ್ಕೆ 3-4 ಜನ ಇದಾರೆ, ಅದು ಕಾಯಿಲೆ ಅಲ್ಲ. ಇಬ್ರೂ ಕ್ಯಾರಿಯರ್ ಆದ್ರೆ ಪ್ರತಿ ಬಸುರಿಗೂ 25 ಪರ್ಸೆಂಟ್ ರಿಸ್ಕ್. ಮೊದಲ್ನೇದಕ್ಕೆ ಬಂತು, ಇನ್ನು ಮೂರಕ್ಕೆ ಬರಲ್ಲ ಅಂತ ಲೆಕ್ಕ ಹಾಕೋರಿದಾರೆ. ಚೌಕಾಬಾರ ಆಡಿದೀರಲ್ಲ, ಹಿಂದಿನ ಸಲ ಎಷ್ಟು ಬಿದ್ದಿತ್ತು ಅಂತ ಕವಡೆಗೆ ನೆನಪಿರುತ್ತಾ? ಇನ್ನು ಸೊಸೆ ಕಾಲ್ಗುಣ ಅನ್ನೋ ಅತ್ತೆಯಂದಿರಿಗೆ ಒಂದ್ಮಾತು, ದೋಷ ಒಬ್ರಿಂದ ಮಾತ್ರ ಬಂದ್ರೆ ಮಗುಗೆ ಮೇಜರ್, ಅಂದ್ರೆ ರಕ್ತ ಹಾಕ್ಸ್ತಾನೇ ಇರ್ಬೇಕಾದ ಈ ಕಾಯಿಲೆ, ಆಗಲ್ಲ, ನಿಮ್ ಮಗನೂ ಅರ್ಧ ಕೊಟ್ಟಿದಾನೆ.

ನಮ್ಮಲ್ಲಿ ಅಕ್ಕನ ಮಗಳನ್ನ ಮದ್ವೆ ಆಗೋದಿದೆ. ಸೋದರಮಾವ, ಸೊಸೆ ಇಬ್ರಲ್ಲೂ ಕಾಲು ಭಾಗದಷ್ಟು ಜೀನ್ ಒಂದೇ ಮೂಲದ್ದು, ಹಾಗಾಗಿ ಅಡಗಿ ಕೂತಿರೋ ದೋಷ ಎರಡೂ ಕಡೆಯಿಂದ ಬಂದು ಸೇರೋ ಚಾನ್ಸ್ ಜಾಸ್ತಿ. ಆಸ್ತಿ ಹೊರಗೆ ಹೋಗ್ಬಾರ್ದು ಅಂತ ಮಾಡ್ತಾರೆ, ಜೀನೂ ಹೊರಗೆ ಹೋಗಲ್ಲ ಅಷ್ಟೇ!

ಕ್ಯಾರಿಯರ್ ಹೌದೋ ಅಲ್ವೋ ಪತ್ತೆ ಮಾಡೋದು ಕಷ್ಟ ಅಲ್ಲ. ಸಿಬಿಸಿ, ಅಂದ್ರೆ ರಕ್ತಕಣ ಎಣಿಸೋ ಮಾಮೂಲಿ ಟೆಸ್ಟ್, ಅದರ ರಿಪೋರ್ಟಲ್ಲಿ ಎಂಸಿವಿ, ಅಂದ್ರೆ ಕೆಂಪು ರಕ್ತಕಣದ ಸರಾಸರಿ ಗಾತ್ರ, ಕಮ್ಮಿ ಇದ್ದು ಕಣಗಳ ಸಂಖ್ಯೆ ಮಾತ್ರ ಜಾಸ್ತಿ ಇದ್ರೆ ಅನುಮಾನ ಪಡ್ಬೇಕು, ಆಮೇಲೆ ಎಚ್‌ಬಿ ಎ2 ಅನ್ನೋ ಒಂದು ಥರದ ಹಿಮೋಗ್ಲೋಬಿನ್ ಎಷ್ಟಿದೆ ಅಂತ ನೋಡೋ ಟೆಸ್ಟ್. ಎಷ್ಟೋ ಹೆಣ್ಮಕ್ಕಳು ರಕ್ತ ಕಮ್ಮಿ ಅಂತ ವರ್ಷಗಟ್ಲೆ ಐರನ್ ಮಾತ್ರೆ ನುಂಗ್ತಿರ್ತಾರೆ, ಇದನ್ನ ಯಾರೂ ನೋಡಿರಲ್ಲ. ಹಾಗಂತ ಮನೆಗೆ ಹೋಗಿ ಮಾತ್ರೆ ಬಿಸಾಕ್ಬೇಡಿ, ಕ್ಯಾರಿಯರ್ ಆಗಿರೋರಿಗೆ ಐರನ್ ಕೊರತೆನೂ ಒಟ್ಟಿಗೆ ಇರ್ಬಹುದು.

ಇಬ್ರೂ ಕ್ಯಾರಿಯರ್ ಅಂದ್ರೆ ಮದ್ವೆ ಮುರೀಬೇಕಾ ಅಂತ ಕೇಳ್ತಾರೆ. ಸೈಪ್ರಸ್ ಅಂತ ಒಂದು ದ್ವೀಪ ಇದೆ, ಅಲ್ಲಿ ಸುಮಾರು ಏಳು ಜನಕ್ಕೊಬ್ರು ಕ್ಯಾರಿಯರ್. 1983ರಿಂದ ಅಲ್ಲಿನ ಚರ್ಚು ಮದ್ವೆಗೆ ಮುಂಚೆ ಟೆಸ್ಟ್ ಆಗಿದೆ ಅನ್ನೋ ಸರ್ಟಿಫಿಕೇಟ್ ಕೇಳೋಕೆ ಶುರು ಮಾಡ್ತು, ರಿಸಲ್ಟ್ ಏನೇ ಇರ್ಲಿ, ಮದ್ವೆ ಬೇಡ ಅನ್ನಲ್ಲ. ಹೆಚ್ಚಿನ ಜೋಡಿಗಳು ಮದ್ವೆ ಆದ್ರು, ಬಸುರಾದಾಗ ಹೊಟ್ಟೇಲಿರೋ ಮಗುಗೆ ಕಾಯಿಲೆ ಇದೆಯಾ ಅಂತ ಪರೀಕ್ಷೆ ಮಾಡಿಸ್ಕೊಂಡ್ರು, ಈ ಕಾಯಿಲೆ ಜೊತೆ ಹುಟ್ಟೋ ಮಕ್ಕಳು ಹತ್ತಿರತ್ತಿರ ಇಲ್ಲದಂಗೆ ಆಯ್ತು.

ಆ ಪರೀಕ್ಷೆ ಮಾಮೂಲಿ ಸ್ಕ್ಯಾನಿಂಗ್ ಅಲ್ಲ. 11ರಿಂದ 13 ವಾರದೊಳಗೆ ಮಾಸಿನ ಚೂರು ತೆಗೀತಾರೆ, ತಡ ಆದ್ರೆ 15 ವಾರ ಕಳೆದ್ಮೇಲೆ ಗರ್ಭದ ನೀರು. ಗರ್ಭಪಾತದ ಸಣ್ಣ ರಿಸ್ಕ್ ಇದೆ, ಮುಚ್ಚಿಡಲ್ಲ. ಲಿಂಗ ಪತ್ತೆ ಕಾಯ್ದೆ ಇದನ್ನ ತಡೆಯಲ್ಲ, ಗಂಡೋ ಹೆಣ್ಣೋ ಅಂತ ಮಾತ್ರ ಹೇಳೋ ಹಾಗಿಲ್ಲ. ಮಗುಗೆ ಮೇಜರ್ ಇದೆ ಅಂತ ಗೊತ್ತಾದ್ಮೇಲೆ ಏನ್ಮಾಡೋದು ಅನ್ನೋದು ಆ ದಂಪತಿಗೆ ಬಿಟ್ಟಿದ್ದು, ನಾವು ಬರೀ ವಿಷಯ ಹೇಳ್ತೀವಿ, ಅವರು ಅಳ್ತಾರೆ, ನಾವು ಕಾಯ್ತೀವಿ. ಆದ್ರೆ ಇದಕ್ಕೆಲ್ಲ ಮುಂಚೆ ಅಪ್ಪ ಅಮ್ಮನ ಜೀನಲ್ಲಿ ಎಲ್ಲಿ ತಪ್ಪಿದೆ ಅಂತ ಸಿಕ್ಕಿರ್ಬೇಕು, ಅದಕ್ಕೇ ಟೈಮ್ ಹಿಡಿಯುತ್ತೆ, ಸೀಮಂತ ಮುಗಿಸ್ಕೊಂಡು ಬಂದ್ರೆ ಏನ್ ಮಾಡೋಕಾಗುತ್ತೆ ಹೇಳಿ.

ಹೆಂಡ್ತಿ ರಿಪೋರ್ಟ್ ಪಾಸಿಟಿವ್ ಬಂದ ದಿನಾನೇ ಗಂಡನ್ನ ಕರೀತೀವಿ. ಡ್ಯೂಟಿ ಇದೆ, ಮುಂದಿನ ವಾರ ಬರ್ತೀನಿ ಅಂತಾರೆ. ಹಿಂದಿನ ಸಾಲಲ್ಲಿ ಕೂತಿರೋ ಗಂಡಸ್ರು ಎದ್ದು ಹೋಗ್ಬೇಡಿ, ಊಟದ ಹಾಲ್ ಪಕ್ಕದಲ್ಲೇ ಸ್ಯಾಂಪಲ್ ತಗೊಳ್ತಿದಾರೆ.